ಹೆತ್ತ ಪತ್ರಿಕೆ, ಸಾಕಿದ ಪ್ರಕಾಶನ: ‘ಎನ್‌ಆರ್‌ಎಫ್’ ಮತ್ತು ಗಾಲಿಮಾರ್ ಸಂಸ್ಥೆಯ ನೂರು ವರ್ಷ

ಪುಸ್ತಕ ಪ್ರಕಾಶನ ಸಂಸ್ಥೆಯೊಂದು ತನ್ನದೇ ಸಾಹಿತ್ಯ ಪತ್ರಿಕೆಯನ್ನು ನಡೆಸುವುದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಚೆನ್ನಾಗಿ ಪಳಗಿದ ವ್ಯಾಪಾರವಾಗಿತ್ತು. ನ್ಯೂಯಾರ್ಕಿನ ಹಾರ್ಪರ್ ಸಹೋದರರು 1850ರಲ್ಲಿ ಮಾಸಪತ್ರಿಕೆಯೊಂದನ್ನು ಆರಂಭಿಸಿದ್ದರ ಹಿಂದೆ, ಲಂಡನ್ನಿನ ಸ್ಮಿತ್, ಎಲ್ಡರ್ ಸಂಸ್ಥೆ 1860ರಲ್ಲಿ ಥ್ಯಾಕರೆಯವರನ್ನು ಸಂಪಾದಕರನ್ನಾಗಿ ಮಾಡಿಕೊಂಡು ‘ಕಾರ್ನ್‌ಹಿಲ್’ ಪತ್ರಿಕೆಯನ್ನು ಹೊರತಂದದ್ದರ ಹಿಂದೆ ಇದ್ದದ್ದು ಒಂದೇ ಲೆಕ್ಕ. ಕಾದಂಬರಿ ಮೊದಲು ತಿಂಗಳು ತಿಂಗಳು ಧಾರಾವಾಹಿಯಾಗಿ ಬಂದು ಓದುಗರನ್ನು ಕಟ್ಟಿಕೊಳ್ಳುತ್ತದೆ; ಅನಂತರ ಅದೇ ಸಂಸ್ಥೆಯಿಂದ ಪುಸ್ತಕವಾಗಿ ಮಾರಾಟವಾಗುತ್ತದೆ; ಸಂಸ್ಥೆಯ ಉಳಿದ ಪುಸ್ತಕಗಳ ಜಾಹೀರಾತಿಗೂ ಪತ್ರಿಕೆಯಲ್ಲಿ ಖರ್ಚಿಲ್ಲದೆ ಜಾಗ ದೊರೆಯುತ್ತದೆ. ಪ್ರಕಾಶಕ ಯಜಮಾನ, ಪತ್ರಿಕೆ ಅವನ ಅಂಗಡಿಯ ಮುಂಗಟ್ಟೆ ಎಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ.

ಪ್ಯಾರಿಸ್ಸಿನ ಗಾಲಿಮಾರ್ ಪ್ರಕಾಶನದ ಚರಿತ್ರೆ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅಲ್ಲಿ ಪತ್ರಿಕೆಯೇ ಮೊದಲು ಬಂದಿತು. ‘ನುವೆಲ್ ರೆವ್ಯೂ ಫ್ರಾನ್ಸೇಸ್’ (‘ಹೊಸ ಫ್ರೆಂಚ್ ಪತ್ರಿಕೆ’, ಸಂಕ್ಷೇಪದಲ್ಲಿ ‘ಎನ್‌ಆರ್‌ಎಫ್’) ಎಂಬ ಮಾಸಪತ್ರಿಕೆಯ ಗೆಳೆಯರ ಗುಂಪು ತಮ್ಮ ಬರಹಗಳನ್ನು ಪುಸ್ತಕವಾಗಿಸಲು ಒಂದು ಸಣ್ಣ ಕಚೇರಿಯನ್ನು ತೆರೆದರು. ಆ ಕಚೇರಿ ಕೆಲವೇ ವರ್ಷಗಳಲ್ಲಿ ಪತ್ರಿಕೆಯನ್ನೂ ಮೀರಿ ಬೆಳೆದು, ಇಪ್ಪತ್ತನೆಯ ಶತಮಾನದ ಫ್ರೆಂಚ್ ಸಾಹಿತ್ಯದ ಬಹುಭಾಗವನ್ನು ಅಚ್ಚುಹಾಕಿದ ಸಂಸ್ಥೆಯಾಯಿತು. ಅಲ್ಲಿಂದಾಚೆಗೆ ಪತ್ರಿಕೆ ಆ ಸಂಸ್ಥೆಯ ಒಡೆತನದ ಪತ್ರಿಕೆ. ಹೀಗೆ ಹುಟ್ಟಿನಲ್ಲಿ ಹಿರಿದೂ ಒಡೆತನದಲ್ಲಿ ಕಿರಿದೂ ಆದ ಪತ್ರಿಕೆಯೊಂದು ತನ್ನ ಮಾಲೀಕನಿಗೆ ಎಷ್ಟು ಹತ್ತಿರವಿರಬಹುದು, ಎಷ್ಟು ದೂರವಿರಬೇಕು ಎಂಬ ಪ್ರಶ್ನೆ ಅದರ ಇಡೀ ಚರಿತ್ರೆಯಲ್ಲಿ ಮತ್ತೆ ಮತ್ತೆ ಏಳುತ್ತದೆ. ಆ ಅಂತರ ಉಳಿದಿದ್ದಾಗಲೆಲ್ಲ ಪತ್ರಿಕೆಯಿಂದ ಸಂಸ್ಥೆಗೆ ಲಾಭವಾಯಿತು ಎಂಬುದು ನನ್ನ ಓದಿನಿಂದ ನಾನು ತಲುಪಿರುವ ಅಭಿಪ್ರಾಯ. ಅದಕ್ಕೆ ಆಧಾರವಾದ ಸಂಗತಿಗಳನ್ನು ಮುಂದೆ ವಿವರಿಸಿದ್ದೇನೆ.

ಪತ್ರಿಕೆಯ ಮೊದಲ ಸಂಚಿಕೆ 1908ರ ನವೆಂಬರಿನಲ್ಲಿ ಹೊರಬಂದಿತು, ಮತ್ತು ಅದರೊಂದಿಗೇ ಗುಂಪು ಒಡೆಯಿತು. ಆ ಸಂಚಿಕೆಯನ್ನು ರೂಪಿಸಿದ ಯೂಜೆನ್ ಮೊಂಫೋರ್ ಎಂಬ ಲೇಖಕರು ಅದರಲ್ಲಿ ಕವಿ ಮಲಾರ್ಮೆಯನ್ನು ಹಳಿಯುವ ಬರಹವೊಂದಕ್ಕೆ ಎಡೆಗೊಟ್ಟಿದ್ದರು. ಮಲಾರ್ಮೆಯ ಮನೆಯ ಮಂಗಳವಾರದ ಕೂಟಗಳಲ್ಲಿ ಬೆಳೆದಿದ್ದ, ಗುಂಪಿನ ಮುಖ್ಯ ಲೇಖಕ ಆಂದ್ರೆ ಜೀದ್ ಅದನ್ನು ಸಹಿಸುವುದು ಸಾಧ್ಯವಿರಲಿಲ್ಲ. ಮೊಂಫೋರ್ ಹೊರಗೆ ಹೋದರು. ಹೆಸರು ಜೀದ್ ಬಳಗದಲ್ಲಿ ಉಳಿಯಿತು. 1909ರ ಫೆಬ್ರವರಿ 1ರಂದು ಎರಡನೆಯ ಬಾರಿಗೆ ‘ಮೊದಲ ಸಂಚಿಕೆ’ ಪ್ರಕಟವಾಯಿತು. ಪತ್ರಿಕೆ ತನ್ನ ವಯಸ್ಸನ್ನು ಲೆಕ್ಕಹಾಕುವುದು ಈ ಎರಡನೆಯ ದಿನಾಂಕದಿಂದಲೇ. ಜೀದ್, ಜಾಂ ಶ್ಲುಂಬೆರ್ಜೆ, ಜಾಕ್ ಕೊಪೊ, ಆಂರಿ ಗೆಯೋಂ, ಆಂದ್ರೆ ರೈಟೆರ್ಸ್, ಮಾರ್ಸೆಲ್ ದ್ರುವೆಂ ಎಂಬ ಆರು ಜನ ಅದರ ಸ್ಥಾಪಕರು. ಸಂಪಾದಕರ ಪಟ್ಟಿಯಲ್ಲಿ ಜೀದ್ ಅವರ ಹೆಸರು ಇರಲಿಲ್ಲ. ಆದರೆ ಯಾವ ಬರಹ ಸೇರಬೇಕು, ಯಾವುದು ಬೇಡ ಎಂಬುದರಲ್ಲಿ ಅವರ ಮಾತೇ ಕೊನೆಯದಾಗಿತ್ತು. ಅವರ ಕಿರುಕಾದಂಬರಿ ‘ಲಾ ಪೋರ್ತ್ ಎತ್ರ್ವಾತ್’ ಮೊದಲ ಕೆಲವು ಸಂಚಿಕೆಗಳಲ್ಲೇ ಧಾರಾವಾಹಿಯಾಗಿ ಬಂದು ಪತ್ರಿಕೆಗೆ ನೆಲೆ ಒದಗಿಸಿತು.

ಈ ಬಳಗಕ್ಕೆ ಪತ್ರಿಕೆಯಿಂದ ಹಣ ಗಳಿಸುವ ಅಗತ್ಯವಿರಲಿಲ್ಲ ಎಂಬುದನ್ನು ಮರೆಯಬಾರದು. ಜೀದ್ ಅನುಕೂಲಸ್ಥ ಮನೆತನದವರು. ಶ್ಲುಂಬೆರ್ಜೆ ಅಲ್ಸೇಸ್ ಮೂಲದ ಉದ್ಯಮಿ ಕುಟುಂಬದವರು. ಇಂದು ತೈಲ ಶೋಧನೆಯ ಉದ್ಯಮದಲ್ಲಿ ಅದೇ ಹೆಸರಿನಿಂದ ಪ್ರಸಿದ್ಧವಾದ ಕಂಪನಿಯನ್ನು ಕಟ್ಟಿದವರು ಅವರ ತಮ್ಮಂದಿರಾದ ಕಾನ್ರಾಡ್ ಮತ್ತು ಮಾರ್ಸೆಲ್. ನಷ್ಟವನ್ನು ತುಂಬಿಕೊಡುವ ಶಕ್ತಿ ಬಳಗದೊಳಗೇ ಇದ್ದುದರಿಂದ ಪತ್ರಿಕೆ ಯಾರ ರುಚಿಗೂ ತಗ್ಗಬೇಕಾಗಲಿಲ್ಲ. ಯಾವುದೇ ಪಂಥದ ಪ್ರಣಾಳಿಕೆಯನ್ನು ಸಾರುವುದಕ್ಕಿಂತ ಬರವಣಿಗೆಯ ಶಿಸ್ತನ್ನು ಒತ್ತಿಹೇಳುವುದು ಅದರ ನಿಲುವಾಗಿತ್ತು. ಕ್ಯಾಥಲಿಕ್ ಶ್ರದ್ಧೆಯ ಕವಿ, ನಾಟಕಕಾರ ಪಾಲ್ ಕ್ಲೊದೆಲ್, ಪ್ರೊಟೆಸ್ಟೆಂಟ್ ಹಿನ್ನೆಲೆಯ ಜೀದ್ ಇಬ್ಬರೂ ಒಂದೇ ಸಂಚಿಕೆಯಲ್ಲಿ ಇರಬಹುದಾಗಿತ್ತು. ಹಾಗೆಂದು ಒಳಗೆ ಜಗಳಗಳಿಗೇನೂ ಕಡಿಮೆಯಿರಲಿಲ್ಲ. 1914ರಲ್ಲಿ ಜೀದ್ ಅವರ ‘ಲೇ ಕಾವ್ ದ್ಯು ವಾತಿಕಾಂ’ ಧಾರಾವಾಹಿಯಾಗಿ ಬರುತ್ತಿದ್ದಾಗ ಅದರ ಒಂದು ಭಾಗದಲ್ಲಿ ಸಲಿಂಗ ಪ್ರೇಮದ ಸುಳಿವನ್ನು ಕಂಡು ಕ್ಲೊದೆಲ್ ಕೆರಳಿದರು, ಮತ್ತು ಇಬ್ಬರ ಗೆಳೆತನ ಮತ್ತೆ ಮೊದಲಿನಂತಾಗಲಿಲ್ಲ.

ಪ್ರಕಾಶನದ ಕಚೇರಿ ತೆರೆದದ್ದು 1911ರಲ್ಲಿ. ಪತ್ರಿಕೆಯಲ್ಲಿ ಬಂದ ಬರಹಗಳನ್ನು ಪುಸ್ತಕ ಮಾಡಲು ಲೇಖಕರು ಬೇರೆ ಪ್ರಕಾಶಕರ ಬಾಗಿಲಿಗೆ ಹೋಗಬೇಕಾಗಿದ್ದುದು ಜೀದ್ ಬಳಗಕ್ಕೆ ಸರಿಬರಲಿಲ್ಲ. ವ್ಯವಹಾರ ನೋಡಿಕೊಳ್ಳಲು ಅವರಿಗೆ ಬೇಕಾದದ್ದು ಸ್ವಲ್ಪ ಹಣವುಳ್ಳ, ಲಾಭಕ್ಕೆ ಅವಸರಪಡದ, ಒಳ್ಳೆಯ ಬರಹವನ್ನು ಗುರುತಿಸಬಲ್ಲ, ಆದರೆ ಹೇಳಿದಂತೆ ಕೇಳುವ ವ್ಯಕ್ತಿ. ಚಿತ್ರಕಲಾ ಸಂಗ್ರಾಹಕರೂ ನಾಟಕಶಾಲೆಯ ಒಡೆಯರೂ ಆಗಿದ್ದ ಪಾಲ್ ಗಾಲಿಮಾರ್ ಅವರ ಮಗ, ಮೂವತ್ತರ ವಯಸ್ಸಿನ ಗಾಸ್ಟೋಂ ಗಾಲಿಮಾರ್ ಆ ವ್ಯಕ್ತಿಯೆಂದು ಅವರು ತಿಳಿದರು. ಮೊದಲ ಮೂರು ಗುಣಗಳ ವಿಷಯದಲ್ಲಿ ಅವರ ಅಂದಾಜು ಸರಿಯಾಗಿತ್ತು. ಜೀದ್, ಶ್ಲುಂಬೆರ್ಜೆ, ಗಾಲಿಮಾರ್ ಮೂವರೂ ಪಾಲುದಾರರಾಗಿ ಬಂಡವಾಳ ಹೂಡಿದರು. ಅದೇ ವರ್ಷ ಕ್ಲೊದೆಲ್ ಅವರ ನಾಟಕ ‘ಲೋತಾಜ್’, ಜೀದ್ ಅವರ ‘ಇಸಾಬೆಲ್’, ಶಾರ್ಲ್-ಲೂಯಿ ಫಿಲಿಪ್ ಅವರ ‘ಲಾ ಮೇರ್ ಎ ಲಾಂಫಾಂ’ ಮೊದಲ ಪುಸ್ತಕಗಳಾಗಿ ಹೊರಬಂದವು. ಅಚ್ಚಾದದ್ದು ಬೆಲ್ಜಿಯಮ್ಮಿನ ಬ್ರೂಜ್ ನಗರದಲ್ಲಿ. ತೆಳು ಕೆನೆಬಣ್ಣದ ಮುಖಪುಟ, ಸುತ್ತ ಒಂದು ಕಪ್ಪು ಗೆರೆ ಮತ್ತು ಎರಡು ಕೆಂಪು ಗೆರೆ, ಕೆಳಗೆ ಪತ್ರಿಕೆಯ ಹೆಸರಿನ ಮೂರು ಅಕ್ಷರಗಳನ್ನು ಕೂಡಿಸಿ ಬರೆದ ‘ಎನ್‌ಆರ್‌ಎಫ್’ ಎಂಬ ಮುದ್ರೆ: ಈ ವಿನ್ಯಾಸ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇಂದಿಗೂ ಗಾಲಿಮಾರ್ ಕಾದಂಬರಿಗಳ ಮುಖಪುಟವಾಗಿದೆ. ಪುಸ್ತಕದ ಮೇಲೆ ಪ್ರಕಾಶಕನ ಹೆಸರಿಗಿಂತ ಪತ್ರಿಕೆಯ ಮುದ್ರೆಯೇ ಓದುಗರಿಗೆ ಭರವಸೆ ಕೊಡುತ್ತಿದ್ದ ಕಾಲದ ಗುರುತು ಅದು.

ಪತ್ರಿಕೆಯೂ ಪ್ರಕಾಶನವೂ ಒಂದೇ ಕೈಯಲ್ಲಿದ್ದಾಗ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಆ ಕಾಲದ ಮೂರು ನಾಲ್ಕು ಪ್ರಸಂಗಗಳು ಸಾಕು. ಮುಂದೆ ಸೇಂಟ್-ಜಾನ್ ಪರ್ಸ್ ಎಂಬ ಹೆಸರಿನಿಂದ ನೊಬೆಲ್ ಪಡೆದ ತರುಣ ಕವಿ ಅಲೆಕ್ಸಿ ಲೆಜೆ ಅವರ ‘ಎಲೋಜ್’ ಕವಿತೆಗಳು 1911ರಲ್ಲಿ ಪತ್ರಿಕೆಯಲ್ಲಿ ಅಚ್ಚಿನ ತಪ್ಪುಗಳಿಂದ ತುಂಬಿ ಹೊರಬಂದವು. ಜೀದ್ ಅದಕ್ಕೆ ಪರಿಹಾರವೆಂಬಂತೆ ಅದೇ ವರ್ಷ ಅವುಗಳನ್ನು ಪುಸ್ತಕವಾಗಿ ಮಾಡಿಸಿದರು. ಅಂದರೆ ಪತ್ರಿಕೆಯ ದೋಷವನ್ನು ತೀರಿಸುವ ಸಾಧನವಾಗಿ ಪುಸ್ತಕ ಬಂದಿತು. ರವೀಂದ್ರನಾಥ ಠಾಕೂರರಿಗೆ ನೊಬೆಲ್ ಪ್ರಶಸ್ತಿ ಬಂದ 1913ರಲ್ಲೇ ಜೀದ್ ಇಂಗ್ಲಿಷ್ ‘ಗೀತಾಂಜಲಿ’ಯನ್ನು ಫ್ರೆಂಚಿಗೆ ತಂದರು, ಅದರ ಭಾಗಗಳು ಪತ್ರಿಕೆಯಲ್ಲಿ ಬಂದವು, ಪುಸ್ತಕವೂ ಅದೇ ಮುದ್ರೆಯೊಂದಿಗೆ ಬಂದಿತು. ಫ್ರೆಂಚ್ ಓದುಗರಿಗೆ ಠಾಕೂರರ ಕಾವ್ಯದ ಪರಿಚಯವಾದದ್ದು ಹೀಗೆ.

ಆದರೆ ಪತ್ರಿಕೆಯಲ್ಲಿ ಬಂದದ್ದೆಲ್ಲ ಮನೆಯ ಪುಸ್ತಕವಾಗಲಿಲ್ಲ. ಆಲೆಂ-ಫೂರ್ನಿಯೆ ಅವರ ‘ಲ ಗ್ರಾಂ ಮೋನ್’ ಕಾದಂಬರಿ 1913ರ ಜುಲೈಯಿಂದ ನವೆಂಬರಿನವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಲೇಖಕರು ಪತ್ರಿಕೆಯ ಕಾರ್ಯದರ್ಶಿ ಜಾಕ್ ರಿವಿಯೆರ್ ಅವರ ಭಾವಮೈದುನ. ಇಷ್ಟಿದ್ದರೂ ಪುಸ್ತಕವನ್ನು ಹೊರತಂದದ್ದು ಎಮಿಲ್-ಪೋಲ್ ಎಂಬ ಬೇರೆ ಸಂಸ್ಥೆ. ಹದಿನಾಲ್ಕು ವರ್ಷಗಳ ಬಳಿಕ ಜುಲಿಯೆಂ ಬೆಂದಾ ಅವರ ‘ಲಾ ತ್ರಾಇಸೋಂ ದೇ ಕ್ಲೇರ್’ ಕೂಡ 1927ರಲ್ಲಿ ಇಲ್ಲಿಯೇ ಕಂತುಗಳಲ್ಲಿ ಪ್ರಕಟವಾಗಿ, ಪುಸ್ತಕರೂಪದಲ್ಲಿ ಗಾಲಿಮಾರ್ ಅವರ ಪ್ರತಿಸ್ಪರ್ಧಿ ಬೆರ್ನಾರ್ ಗ್ರಾಸೆ ಅವರ ಪಾಲಾಯಿತು. ಲೆಕ್ಕಪತ್ರ ನೋಡುವವರಿಗೆ ಇದು ಶುದ್ಧ ನಷ್ಟವೆಂದು ಕಾಣಬಹುದು. ಆದರೆ ಈ ಪತ್ರಿಕೆ ಬರೀ ಗಾಲಿಮಾರ್ ಪುಸ್ತಕಗಳ ಮುನ್ನೋಟವಲ್ಲ, ಬೇರೆ ಪ್ರಕಾಶಕರ ಲೇಖಕರಿಗೂ ಇಲ್ಲಿ ಜಾಗವುಂಟು ಎಂಬ ನಂಬಿಕೆ ಬೆಳೆದದ್ದು ಇಂಥ ನಷ್ಟಗಳಿಂದಲೇ. ಆ ನಂಬಿಕೆಯನ್ನು ಕಂಡೇ ಹೊಸ ಲೇಖಕರು ತಮ್ಮ ಹಸ್ತಪ್ರತಿಗಳನ್ನು ಮೊದಲು ಅಲ್ಲಿಗೆ ಕಳಿಸುತ್ತಿದ್ದರು.

ಮಾರ್ಸೆಲ್ ಪ್ರೂಸ್ಟ್ ಅವರ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದಾದರೂ ಅದರಲ್ಲಿ ಪತ್ರಿಕೆಯ ಪಾತ್ರವೇನೆಂಬುದನ್ನು ಸಾಮಾನ್ಯವಾಗಿ ಯಾರೂ ವಿವರಿಸುವುದಿಲ್ಲ. 1912ರ ಕೊನೆಯಲ್ಲಿ ಪ್ರೂಸ್ಟ್ ತಮ್ಮ ಬೃಹತ್ ಕಾದಂಬರಿಯ ಮೊದಲ ಸಂಪುಟವನ್ನು ಪ್ರಕಾಶನಕ್ಕೂ, ಅದರ ಆಯ್ದ ಭಾಗಗಳನ್ನು ಪತ್ರಿಕೆಗೂ ಕಳಿಸಿದರು. ಎರಡು ಕಡೆಯೂ ತಿರಸ್ಕಾರವಾಯಿತು. ಶ್ರೀಮಂತರ ಬೈಠಕ್‌ಗಳಲ್ಲಿ ಸುತ್ತಾಡುವ, ‘ಫಿಗಾರೋ’ ದಿನಪತ್ರಿಕೆಗೆ ಬರೆಯುವ ಹವ್ಯಾಸಿಯೆಂದು ಜೀದ್ ಪ್ರೂಸ್ಟರನ್ನು ಅಳೆದಿದ್ದರು. ಎರಡೂ ಕಡೆ ತೀರ್ಪು ಕೊಡುವವರು ಅದೇ ಗೆಳೆಯರಾಗಿದ್ದುದರಿಂದ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುವ ಸಾಧ್ಯತೆಯೇ ಇರಲಿಲ್ಲ. ಕಾದಂಬರಿ 1913ರ ನವೆಂಬರಿನಲ್ಲಿ ಲೇಖಕರ ಖರ್ಚಿನಲ್ಲಿ ಗ್ರಾಸೆ ಸಂಸ್ಥೆಯಿಂದ ಬಂದಿತು. ತಮಾಷೆಯೆಂದರೆ, ಅದೇ ವರ್ಷ ಗ್ರಾಸೆ ಬೇಡವೆಂದ ರೋಜೆ ಮಾರ್ತೆಂ ದ್ಯು ಗಾರ್ ಅವರ ‘ಜಾಂ ಬರ್ವಾ’ ಗಾಲಿಮಾರ್ ಅವರಲ್ಲಿಗೆ ಬಂದಿತ್ತು. ಪ್ರೂಸ್ಟರನ್ನು ತಿರಸ್ಕರಿಸಿದ್ದು ಎನ್‌ಆರ್‌ಎಫ್ ಮಾಡಿದ ಅತಿ ದೊಡ್ಡ ತಪ್ಪು ಎಂದು ಜೀದ್ 1914ರ ಜನವರಿಯಲ್ಲಿ ಸ್ವತಃ ಪ್ರೂಸ್ಟರಿಗೇ ಪತ್ರ ಬರೆದು ಒಪ್ಪಿಕೊಂಡರು. ತಪ್ಪನ್ನು ತಿದ್ದುವ ಕೆಲಸ ಆರಂಭವಾದದ್ದು ಪತ್ರಿಕೆಯಲ್ಲಿಯೇ. ಪುಸ್ತಕದ ಹಕ್ಕು ಇನ್ನೂ ಗ್ರಾಸೆ ಬಳಿ ಇದ್ದಾಗಲೇ, 1914ರ ಜೂನ್ ಮತ್ತು ಜುಲೈ ಸಂಚಿಕೆಗಳಲ್ಲಿ ಕಾದಂಬರಿಯ ಮುಂದಿನ ಭಾಗಗಳು ಪ್ರಕಟವಾದವು. ಪುಸ್ತಕದ ಒಪ್ಪಂದಕ್ಕಿಂತ ಮುಂಚೆ ಲೇಖಕನನ್ನು ತನ್ನತ್ತ ಸೆಳೆದುಕೊಳ್ಳುವ ಈ ಶಕ್ತಿ ಪ್ರಕಾಶಕನಿಗೆ ಪತ್ರಿಕೆಯಿಂದ ಸಿಗುವ ಮುಖ್ಯ ಪ್ರಯೋಜನ. ಇದಕ್ಕೆ ಬೆಲೆ ಕಟ್ಟುವುದು ಕಷ್ಟ. ಯುದ್ಧದ ನಡುವೆ, 1916ರಲ್ಲಿ, ಪ್ರೂಸ್ಟ್ ಗಾಲಿಮಾರ್ ಅವರಲ್ಲಿಗೆ ಬಂದರು. ಮೂರು ವರ್ಷದ ಬಳಿಕ ಎರಡನೆಯ ಸಂಪುಟಕ್ಕೆ ಫ್ರಾನ್ಸಿನ ಪ್ರತಿಷ್ಠಿತ ಸಾಹಿತ್ಯ ಪ್ರಶಸ್ತಿಯಾದ ಗೊಂಕೂರ್ ದೊರೆಯಿತು. ಎದುರಿಗಿದ್ದದ್ದು ಕಂದಕಯುದ್ಧದ ಅನುಭವದಿಂದ ಬಂದ ರೋಲಾಂ ದೋರ್ಜೆಲೆಸ್ ಅವರ ಕಾದಂಬರಿ, ಮತಗಳು ಆರಕ್ಕೆ ನಾಲ್ಕು.

1914ರ ಆಗಸ್ಟಿನಲ್ಲಿ ಯುದ್ಧದಿಂದಾಗಿ ನಿಂತಿದ್ದ ಪತ್ರಿಕೆ 1919ರ ಜೂನ್ 1ರಂದು ಮತ್ತೆ ಹೊರಟಿತು, ಮತ್ತು ಅದೇ ವರ್ಷ ‘ಲಿಬ್ರೇರಿ ಗಾಲಿಮಾರ್’ ಎಂಬ ಕಂಪನಿ ನೋಂದಣಿಯಾಯಿತು. ಈ ಎರಡನ್ನೂ ಒಟ್ಟಿಗೆ ನೋಡಬೇಕು. ಹೇಳಿದಂತೆ ಕೇಳುವವನೆಂದು ಬಳಗ ತಂದುಕೊಂಡ ಗಾಸ್ಟೋಂ ಈಗ ಯಜಮಾನ. ಪತ್ರಿಕೆ ಅವರ ಕಂಪನಿಯ ಒಂದು ಭಾಗ. ಪತ್ರಿಕೆಯ ಹೊಣೆ ರಿವಿಯೆರ್ ಅವರ ಮೇಲೆ ಬಿದ್ದಿತು. ಯುದ್ಧದ ಮೊದಲ ತಿಂಗಳಲ್ಲೇ ಜರ್ಮನರ ಸೆರೆಸಿಕ್ಕು ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಬಂದಿದ್ದ ಅವರು, ದೇಶಭಕ್ತಿಯ ಸಾಹಿತ್ಯವೇ ಬೇಕೆಂಬ ಒತ್ತಡ ಎಲ್ಲೆಡೆ ಇದ್ದಾಗ, ಸಾಹಿತ್ಯವನ್ನು ರಾಷ್ಟ್ರೀಯ ಕರ್ತವ್ಯದಿಂದ ಬೇರ್ಪಡಿಸಿ ನೋಡುವ ಪತ್ರಿಕೆ ನಡೆಸುವುದಾಗಿ ಮೊದಲ ಸಂಚಿಕೆಯಲ್ಲೇ ಘೋಷಿಸಿದರು. ಸ್ಥಾಪಕರಲ್ಲೇ ಕೆಲವರಿಗೆ, ಮುಖ್ಯವಾಗಿ ಯುದ್ಧಕಾಲದಲ್ಲಿ ಕ್ಯಾಥಲಿಕ್ ಶ್ರದ್ಧೆಗೆ ಮರಳಿದ್ದ ಗೆಯೋಂ ಅವರಿಗೆ, ಇದು ಹಿಡಿಸಲಿಲ್ಲ. ರಿವಿಯೆರ್ ಜಗ್ಗಲಿಲ್ಲ.

ಅವರ ಕಾಲದ ಒಂದು ಘಟನೆಯ ಮೂಲಕ ಸಾಹಿತ್ಯ ಪತ್ರಿಕೆ ಮಾಡಬಲ್ಲ, ಪ್ರಕಾಶನ ಮಾಡಲಾರದ ಕೆಲಸ ಯಾವುದೆಂದು ತಿಳಿಯಬಹುದು. 1923ರಲ್ಲಿ ಆಂತೊನಾಂ ಆರ್ತೊ ಎಂಬ ತರುಣ ಕಳಿಸಿದ ಕವಿತೆಗಳನ್ನು ರಿವಿಯೆರ್ ಸೌಜನ್ಯದಿಂದಲೇ ತಿರಸ್ಕರಿಸಿದರು. ಆರ್ತೊ ಸುಮ್ಮನಾಗದೆ, ತನ್ನ ಆಲೋಚನೆಯೇ ಬಾಯಿಗೆ ಬರುವ ಮುನ್ನ ಕುಸಿದುಬೀಳುತ್ತದೆಂದೂ, ಆ ಕವಿತೆಗಳ ಕುಂದು ಅಂಥ ಮನಸ್ಸಿನ ಪುರಾವೆಯೆಂದೂ ಮರುಪತ್ರ ಬರೆದರು. ಪತ್ರಗಳು ಸಾಗಿದವು, ಕೊನೆಗೆ, ಕವಿತೆಗಳನ್ನಲ್ಲ, ಅವುಗಳ ತಿರಸ್ಕಾರದ ಸುತ್ತ ನಡೆದ ಈ ಪತ್ರವ್ಯವಹಾರವನ್ನೇ ಪ್ರಕಟಿಸೋಣವೆಂದು ರಿವಿಯೆರ್ ಸೂಚಿಸಿದರು. 1924ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಅದು ಬಂದಿತು. ಆಧುನಿಕ ಫ್ರೆಂಚ್ ಸಾಹಿತ್ಯದ ಪ್ರಮುಖ ಪಠ್ಯಗಳಲ್ಲೊಂದೆಂದು ಇಂದು ಅದನ್ನು ಓದುತ್ತಾರೆ. ಪುಸ್ತಕದ ಪ್ರಕಾಶಕನಿಗೆ ಒಪ್ಪುವುದು ಅಥವಾ ಮರಳಿಸುವುದು ಎಂಬ ಎರಡೇ ದಾರಿಗಳು. ತಿಂಗಳಿಗೊಮ್ಮೆ ಬರುವ ಪತ್ರಿಕೆಯ ಸಂಪಾದಕನಿಗೆ ಅರ್ಧ ಬೆಂದ ಬರಹದೊಂದಿಗೂ ಮಾತು ಮುಂದುವರಿಸುವ ಬಿಡುವು ಇರುತ್ತದೆ.

ರಿವಿಯೆರ್ 1925ರ ಫೆಬ್ರವರಿಯಲ್ಲಿ, ನಲವತ್ತು ತುಂಬುವ ಮುನ್ನವೇ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಜಾಂ ಪೊಲಾಂ ಹೆಸರನ್ನು ಕನ್ನಡದ ಓದುಗರು ಕೇಳಿರುವುದು ಅಪರೂಪ. ನವ್ಯದ ಕಾಲದಿಂದ ನಮ್ಮಲ್ಲಿ ಚರ್ಚೆಯಾಗುತ್ತ ಬಂದ ಸಾರ್ತ್ರ್, ಕಮೂ ಇಬ್ಬರೂ ಅವರ ಮೇಜಿನ ಮೂಲಕವೇ ಹಾದುಬಂದವರು. ಪೊಲಾಂ ತರುಣರಾಗಿದ್ದಾಗ ಮಡಗಾಸ್ಕರಿನಲ್ಲಿ ಉಪಾಧ್ಯಾಯರಾಗಿದ್ದು, ಅಲ್ಲಿನ ಜನಪದ ವಾಗ್ವಾದ ಕಾವ್ಯವನ್ನು ಸಂಗ್ರಹಿಸಿದ್ದರು. ತಾವು ಕಡಿಮೆ ಬರೆದು, ಬೇರೆಯವರಿಂದ ಬರೆಸಲು ಸಾವಿರಾರು ಪತ್ರಗಳನ್ನು ಬರೆದರು. ಅತಿವಾಸ್ತವವಾದಿಗಳನ್ನು ಪತ್ರಿಕೆಯಲ್ಲಿ ಟೀಕಿಸಿದ್ದಕ್ಕಾಗಿ 1927ರಲ್ಲಿ ಅವರ ನಾಯಕ ಆಂದ್ರೆ ಬ್ರೆತೋಂ ಬೈಗುಳದ ಪತ್ರ ಬರೆದಾಗ, ಪೊಲಾಂ ದ್ವಂದ್ವಯುದ್ಧಕ್ಕೆ ಕರೆದು ಇಬ್ಬರು ಸಾಕ್ಷಿಗಳನ್ನು ಕಳಿಸಿದರು! ಬ್ರೆತೋಂ ನಿರಾಕರಿಸಿದರು, ಪೊಲಾಂ ಆ ಸಂಗತಿಯನ್ನು ಪತ್ರಿಕೆಯಲ್ಲಿ ಅಚ್ಚುಹಾಕಿದರು.

ಪೊಲಾಂ ಕಾಲದಲ್ಲಿ ಗಾಲಿಮಾರ್ ಸಂಸ್ಥೆಯ ಒಳಗೆ ಎರಡು ಜರಡಿಗಳಿದ್ದವು. ಒಂದು, 1925ರಿಂದ ಕ್ರಮಬದ್ಧವಾಗಿ ಸೇರುತ್ತಿದ್ದ ವಾಚನ ಸಮಿತಿ. ಹಸ್ತಪ್ರತಿಗಳನ್ನು ಹಂಚಿಕೊಂಡು ಓದಿ, ಟಿಪ್ಪಣಿ ಬರೆದು, ಪುಸ್ತಕವಾಗಬೇಕೇ ಬೇಡವೇ ಎಂದು ಅದು ತೀರ್ಮಾನಿಸುತ್ತಿತ್ತು. ಇನ್ನೊಂದು, ಪತ್ರಿಕೆಯ ಸಂಪಾದಕನ ವೈಯಕ್ತಿಕ ಆಯ್ಕೆ. ಪೊಲಾಂ ಎರಡರಲ್ಲೂ ಇದ್ದರಾದರೂ ಎರಡೂ ಒಂದೇ ರೀತಿ ಕೆಲಸ ಮಾಡುತ್ತಿರಲಿಲ್ಲ. ಪ್ರೂಸ್ಟ್ ಪ್ರಸಂಗದಲ್ಲಿ ಇಲ್ಲದ ಎರಡನೆಯ ಬಾಗಿಲು ಈಗ ಇತ್ತು. ಸಾರ್ತ್ರ್ ಇದಕ್ಕೆ ಒಳ್ಳೆಯ ನಿದರ್ಶನ. ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಸಂಸ್ಥೆ 1936ರಲ್ಲಿ ತಿರಸ್ಕರಿಸಿತು. 1937ರ ಜುಲೈ ಸಂಚಿಕೆಯಲ್ಲಿ ಅವರ ‘ಲ ಮ್ಯೂರ್’ ಕಥೆ ಪ್ರಕಟವಾಯಿತು. ಅಷ್ಟರಲ್ಲಿ ಕಾದಂಬರಿಯ ಬಗೆಗಿನ ತೀರ್ಮಾನವೂ ಬದಲಾಗಿ, 1938ರಲ್ಲಿ ಗಾಸ್ಟೋಂ ಅವರೇ ಸೂಚಿಸಿದ ‘ಲಾ ನೋಸೆ’ ಎಂಬ ಹೆಸರಿನಿಂದ ಅದು ಪುಸ್ತಕವಾಯಿತು. ಅಲ್ಲಿಂದ ಸಾರ್ತ್ರ್ ಪತ್ರಿಕೆಯ ವಿಮರ್ಶಕರೂ ಆದರು. 1939ರ ಫೆಬ್ರವರಿಯಲ್ಲಿ ಫ್ರಾಂಸ್ವಾ ಮೊರಿಯಾಕ್ ಅವರ ಕಾದಂಬರಿ ಕಲೆಯನ್ನು ಅವರು ತರಿದುಹಾಕಿದ ಲೇಖನ ಇಂದಿಗೂ ಪ್ರಸಿದ್ಧ. ಹೊರಗಿನ ಸಾಹಿತ್ಯಕ್ಕೂ ಪತ್ರಿಕೆಯೇ ಮೊದಲ ಪ್ರವೇಶವಾಗಿತ್ತು. ಕಾಫ್ಕಾ ಅವರ ‘ರೂಪಾಂತರ’ ಕಥೆಯನ್ನು ಫ್ರೆಂಚ್ ಓದುಗರು ಮೊದಲು ಕಂಡದ್ದು 1928ರ ಆರಂಭದ ಮೂರು ಸಂಚಿಕೆಗಳಲ್ಲಿ.

ಈ ಎಲ್ಲಕ್ಕೂ ಹಣ ಎಲ್ಲಿಂದ ಬರುತ್ತಿತ್ತು? ಸ್ಥಾಪಕರ ಜೇಬಿನ ಕಾಲ ಮುಗಿದಿತ್ತು. ಗಾಸ್ಟೋಂ ಗಾಲಿಮಾರ್ 1928ರಲ್ಲಿ ‘ದಿತೆಕ್ತಿವ್’ ಎಂಬ ಅಪರಾಧ ಸುದ್ದಿಗಳ ವಾರಪತ್ರಿಕೆಯನ್ನು ಆರಂಭಿಸಿದರು. ಕೊಲೆ, ವಿಚಾರಣೆ, ಗಿಲೊಟಿನ್‌ಗಳ ಚಿತ್ರಸಹಿತ ವರದಿಗಳಿಂದ ಅದು ಲಕ್ಷಗಟ್ಟಲೆ ಮಾರಾಟವಾಯಿತು. ಮುಂದೆ ‘ವ್ವಾಲಾ’, ‘ಮರಿಯಾನ್’ ಎಂಬ ವಾರಪತ್ರಿಕೆಗಳೂ ಬಂದವು. ಕೆನೆಬಣ್ಣದ ಮುಖಪುಟದ ಗಂಭೀರ ಪತ್ರಿಕೆಯೂ ರಕ್ತಸಿಕ್ತ ಮುಖಪುಟದ ವಾರಪತ್ರಿಕೆಯೂ ಒಂದೇ ಯಜಮಾನನವು ಎಂಬುದನ್ನು ಎನ್‌ಆರ್‌ಎಫ್ ಅಭಿಮಾನಿಗಳು ಹೆಚ್ಚು ಹೇಳಿಕೊಳ್ಳುವುದಿಲ್ಲ. ನನಗೆ ಇದರಲ್ಲಿ ಮುಜುಗರಪಡುವಂಥದ್ದೇನೂ ಕಾಣುವುದಿಲ್ಲ. ಸಾಹಿತ್ಯ ಪತ್ರಿಕೆ ತನ್ನ ಖರ್ಚನ್ನು ತಾನೇ ಗಳಿಸಬೇಕೆಂದು ಗಾಸ್ಟೋಂ ಹಟ ಹಿಡಿದಿದ್ದರೆ ಪೊಲಾಂ ಅವರ ಸ್ವಾತಂತ್ರ್ಯ ಉಳಿಯುತ್ತಿರಲಿಲ್ಲ.

1940ರ ಜೂನ್‌ನಲ್ಲಿ ಪ್ಯಾರಿಸ್ ಜರ್ಮನರ ವಶವಾದಾಗ ಪತ್ರಿಕೆ ನಿಂತಿತು. ಪೊಲಾಂ 1938ರ ನವೆಂಬರ್ ಸಂಚಿಕೆಯಲ್ಲಿ ಹಿಟ್ಲರನಿಗೆ ಜೆಕೊಸ್ಲೊವಾಕಿಯಾದ ಭಾಗವನ್ನು ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದವನ್ನು ಖಂಡಿಸುವ ಬರಹಗಳನ್ನು ಒಟ್ಟುಗೂಡಿಸಿದ್ದರು; ಯೆಹೂದಿ ಲೇಖಕರೂ ನಾಜಿ ವಿರೋಧಿಗಳೂ ಅಲ್ಲಿ ಮುಕ್ತವಾಗಿ ಬರೆದಿದ್ದರು. ಫ್ರಾನ್ಸಿನಲ್ಲಿ ಇರುವ ಮೂರು ಶಕ್ತಿಗಳೆಂದರೆ ಕಮ್ಯುನಿಸ್ಟರು, ದೊಡ್ಡ ಬ್ಯಾಂಕುಗಳು ಮತ್ತು ಎನ್‌ಆರ್‌ಎಫ್ ಎಂದು ಜರ್ಮನ್ ರಾಯಭಾರಿ ಓಟೊ ಆಬೆಟ್ಸ್ ಹೇಳಿದ್ದರೆಂಬ ಮಾತು ಪ್ರಚಲಿತವಾಗಿದೆ. ಅವರು ಅದನ್ನು ನಿಜಕ್ಕೂ ಆಡಿದ್ದರೋ ಇಲ್ಲವೋ, ನಡೆದದ್ದು ಮಾತ್ರ ಅದಕ್ಕೆ ಅನುಗುಣವಾಗಿಯೇ ಇತ್ತು. ನವೆಂಬರಿನಲ್ಲಿ ಜರ್ಮನರು ಗಾಲಿಮಾರ್ ಕಚೇರಿಗೆ ಬೀಗಮುದ್ರೆ ಹಾಕಿದರು. ಅದು ತೆರೆಯಬೇಕಾದರೆ ಪತ್ರಿಕೆ ಪುನರಾರಂಭವಾಗಬೇಕು, ಮತ್ತು ಅದರ ಸಂಪಾದಕರಾಗಿ ಫ್ಯಾಸಿಸ್ಟ್ ಒಲವಿನ ಲೇಖಕ ಪಿಯೆರ್ ದ್ರಿಯ ಲ ರೊಶೆಲ್ ಬರಬೇಕೆಂದಾಯಿತು. ಗಾಸ್ಟೋಂ ಒಪ್ಪಿದರು. ಪುಸ್ತಕಗಳ ವ್ಯವಹಾರ ಬದುಕುವುದಕ್ಕಾಗಿ ಪತ್ರಿಕೆಯನ್ನು ಒತ್ತೆಯಿಟ್ಟರು ಎಂದು ಹೇಳುವುದೇ ಸರಿಯಾದೀತು.

1940ರ ಡಿಸೆಂಬರ್ 1ರಂದು ಅದೇ ಮುಖಪುಟ, ಅದೇ ಮುದ್ರೆಯೊಂದಿಗೆ ಪತ್ರಿಕೆ ಮತ್ತೆ ಬಂದಿತು. ಬಾಹ್ಯರೂಪದ ಈ ಮುಂದುವರಿಕೆಯಿಂದಾಗಿ ಹಳೆಯ ಲೇಖಕರಲ್ಲಿ ಹಲವರು ಮೋಸಹೋದರು, ಕೆಲವರು ಮೋಸಹೋದಂತೆ ನಟಿಸಿದರು. ಜೀದ್ ಮತ್ತು ಕವಿಗಳಾದ ವಾಲೆರಿ, ಎಲ್ಯುವಾರ್ ಅವರ ಬರಹಗಳು ಮೊದಲ ಸಂಚಿಕೆಗಳಲ್ಲಿ ಕಾಣುತ್ತವೆ. ಜೀದ್ 1941ರ ವಸಂತದಲ್ಲಿ ಬಹಿರಂಗವಾಗಿ ಹಿಂದೆ ಸರಿದರು. ದ್ರಿಯ ಅವರಿಗೆ ಬರೆಯುವವರೇ ಕಡಿಮೆಯಾಗುತ್ತ ಹೋದರು, ಮತ್ತು 1943ರ ಜೂನ್ ಸಂಚಿಕೆಯೊಂದಿಗೆ ಅವರು ಕೈಬಿಟ್ಟರು.

ಅದೇ ಕಟ್ಟಡದಲ್ಲಿ, ಅದೇ ವರ್ಷಗಳಲ್ಲಿ ಪೊಲಾಂ ಕೂಡ ಕೆಲಸ ಮಾಡುತ್ತಿದ್ದರು. ಪತ್ರಿಕೆಯನ್ನು ಬಿಟ್ಟಿದ್ದರೂ ವಾಚನ ಸಮಿತಿಯನ್ನು ಬಿಟ್ಟಿರಲಿಲ್ಲ. ಕಮೂ ಅವರ ‘ಲೆತ್ರಾಂಜೆ’ ಹಸ್ತಪ್ರತಿಯನ್ನು ಎತ್ತಿಹಿಡಿದವರಲ್ಲಿ ಅವರೂ ಒಬ್ಬರು, ಅದು 1942ರಲ್ಲಿ ಪ್ರಕಟವಾಯಿತು. ಜೊತೆಗೆ ಅವರು ಪ್ರತಿರೋಧ ಚಳವಳಿಯಲ್ಲಿಯೂ ಇದ್ದರು. ಪ್ಯಾರಿಸ್ಸಿನ ‘ಮ್ಯೂಸಿಯಂ ಆಫ್ ಮ್ಯಾನ್’ ಎಂಬ ಮಾನವಶಾಸ್ತ್ರ ಸಂಗ್ರಹಾಲಯದ ಪ್ರತಿರೋಧ ಗುಂಪಿನವರ ಕರಪತ್ರಗಳನ್ನು ಅಚ್ಚುಹಾಕುವ ಯಂತ್ರವನ್ನು ಬಚ್ಚಿಟ್ಟದ್ದಕ್ಕಾಗಿ 1941ರ ಮೇ ತಿಂಗಳಲ್ಲಿ ಅವರ ಬಂಧನವಾಯಿತು. ಅವರನ್ನು ಬಿಡಿಸಿದ್ದು ದ್ರಿಯ ಅವರ ಮಧ್ಯಪ್ರವೇಶ. ಹೊರಬಂದ ಪೊಲಾಂ, ಜಾಕ್ ದೆಕೂರ್ ಎಂಬ ತರುಣ ಲೇಖಕರ ಜೊತೆ ಸೇರಿ ‘ಲೇ ಲೆತ್ರ್ ಫ್ರಾನ್ಸೇಸ್’ ಎಂಬ ಭೂಗತ ಪತ್ರಿಕೆಯನ್ನು ಕಟ್ಟಿದರು. ಅದರ ಮೊದಲ ಸಂಚಿಕೆ ಹೊರಬರುವ ಮುನ್ನ, 1942ರ ಮೇ 30ರಂದು, ಜರ್ಮನರು ದೆಕೂರ್ ಅವರನ್ನು ಗುಂಡಿಟ್ಟು ಕೊಂದರು. ಪತ್ರಿಕೆಯ ಹಳೆಯ ವಿಮರ್ಶಕ, ವಾಚನ ಸಮಿತಿಯ ಸದಸ್ಯ, ಯೆಹೂದಿಯಾದ ಬೆಂಜಮಿನ್ ಕ್ರೆಮಿಯೊ 1944ರಲ್ಲಿ ಬುಕನ್‌ವಾಲ್ಡ್ ಶಿಬಿರದಲ್ಲಿ ಸತ್ತರು. ಒಂದೇ ಸಂಸ್ಥೆಯ ಒಳಗೆ ಇಷ್ಟೆಲ್ಲ ಇತ್ತು ಎಂಬುದನ್ನು ಮರೆತು ಗಾಲಿಮಾರ್ ಸಹಕರಿಸಿತು ಅಥವಾ ಪ್ರತಿಭಟಿಸಿತು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರ ಲೇಖನಗಳು ನನಗೆ ಯಾವಾಗಲೂ ಅಪೂರ್ಣವೆನಿಸಿವೆ.

ಫ್ರಾನ್ಸ್ ಜರ್ಮನರಿಂದ ಬಿಡುಗಡೆಯಾದ ನಂತರ ಪತ್ರಿಕೆಯನ್ನು ನಿಷೇಧಿಸಲಾಯಿತು. ದ್ರಿಯ 1945ರ ಮಾರ್ಚಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಜರ್ಮನರೊಂದಿಗೆ ಸಹಕರಿಸಿದವರನ್ನು ವಿಚಾರಿಸುತ್ತಿದ್ದ ಶುದ್ಧೀಕರಣ ಸಮಿತಿಯ ಮುಂದೆ ಗಾಸ್ಟೋಂ ಅವರ ಪರವಾಗಿ ಸಾರ್ತ್ರ್, ಕಮೂ, ಪೊಲಾಂ ಮೊದಲಾದವರು ನಿಂತರು, ಮತ್ತು ಸಂಸ್ಥೆಗೆ ಶಿಕ್ಷೆಯಾಗಲಿಲ್ಲ. ಅಪರಾಧವೆಲ್ಲ ಪತ್ರಿಕೆಯದು, ಅದು ದ್ರಿಯ ಅವರದು, ಪ್ರಕಾಶನ ಬೇರೆ ಎಂಬ ವಾದಕ್ಕೆ ಬೆಲೆ ಬಂದಿತ್ತು. ಮೂವತ್ತು ವರ್ಷ ಕಾಲ ಎರಡೂ ಒಂದೇ ಎಂಬ ಕೀರ್ತಿಯಿಂದ ಲಾಭ ಪಡೆದ ಸಂಸ್ಥೆ, ಆಪತ್ತಿನಲ್ಲಿ ಎರಡೂ ಬೇರೆಯೆಂದು ಹೇಳಿ ಪಾರಾಯಿತು.

ಪತ್ರಿಕೆಯಿಲ್ಲದ ಎಂಟೊಂಬತ್ತು ವರ್ಷಗಳಲ್ಲಿ ಅದರ ಜಾಗ ತುಂಬಲು ಪ್ರಯತ್ನಗಳು ನಡೆದವು. 1945ರ ಅಕ್ಟೋಬರಿನಲ್ಲಿ ಸಾರ್ತ್ರ್ ಆರಂಭಿಸಿದ ‘ಲೇ ತಾಂ ಮೊದೆರ್ನ್’ ಪತ್ರಿಕೆಯನ್ನು ಗಾಲಿಮಾರ್ ಪ್ರಕಟಿಸಿತು. ರಾಜಕೀಯ, ಸಾಮಾಜಿಕ ಹೊಣೆ ಹೊರುವ ‘ಬದ್ಧ ಸಾಹಿತ್ಯ’ವನ್ನು ಸಾರುವ ಆ ಪತ್ರಿಕೆಯ ದಾರಿ ಎನ್‌ಆರ್‌ಎಫ್ ದಾರಿಗೆ ಪೂರ್ತಿ ವಿರುದ್ಧ, ಮತ್ತು ಕೆಲವೇ ವರ್ಷಗಳಲ್ಲಿ ಅದು ಬೇರೆ ಪ್ರಕಾಶಕರಲ್ಲಿಗೆ ಹೋಯಿತು. ಪೊಲಾಂ 1946ರಿಂದ ‘ಕಾಯೆ ದ ಲಾ ಪ್ಲೆಯಾದ್’ ಎಂಬ ಅನಿಯತ ಸಂಚಿಕೆಗಳನ್ನು ತಂದರು. ಕೊನೆಗೆ 1953ರ ಜನವರಿಯಲ್ಲಿ ಪೊಲಾಂ ಮತ್ತು ಮಾರ್ಸೆಲ್ ಆರ್ಲಾಂ ಹೆಸರಿಗೆ ಇನ್ನೊಂದು ‘ಹೊಸ’ ಸೇರಿಸಿ ‘ನುವೆಲ್ ನುವೆಲ್ ರೆವ್ಯೂ ಫ್ರಾನ್ಸೇಸ್’ ಎಂದು ಮತ್ತೆ ಆರಂಭಿಸಿದರು. 1959ರಲ್ಲಿ ಆ ಹೆಚ್ಚುವರಿ ಪದವನ್ನು ಬಿಟ್ಟರು. ಕಚೇರಿಯ ದಿನನಿತ್ಯದ ಭಾರವನ್ನು ಹೊತ್ತದ್ದು ದೊಮಿನಿಕ್ ಓರಿ ಎಂಬ ಕಾರ್ಯದರ್ಶಿ. 1954ರಲ್ಲಿ ಗುಪ್ತನಾಮದಲ್ಲಿ ಬಂದು ಗದ್ದಲವೆಬ್ಬಿಸಿದ ‘ಇಸ್ತ್ವಾರ್ ದೋ’ ಕಾದಂಬರಿಯನ್ನು ಬರೆದವರು ಅವರೇ ಎಂಬುದು ಜಗತ್ತಿಗೆ ಖಚಿತವಾಗಿ ತಿಳಿದದ್ದು ನಲವತ್ತು ವರ್ಷಗಳ ಬಳಿಕ.

ಎರಡನೆಯ ಬದುಕಿನಲ್ಲಿ ಪತ್ರಿಕೆ ಮರ್ಯಾದೆಯನ್ನು ಮರಳಿ ಪಡೆಯಿತು, ಹಿಂದಿನ ಸ್ಥಾನವನ್ನು ಪಡೆಯಲಿಲ್ಲ. ಸ್ಯೋಯ್ ಪ್ರಕಾಶನದಿಂದ 1960ರಲ್ಲಿ ಬಂದ ‘ತೆಲ್ ಕೆಲ್’ ಪತ್ರಿಕೆ ತರುಣರನ್ನು ತನ್ನತ್ತ ಎಳೆದುಕೊಂಡಿತು. ಪೊಲಾಂ 1968ರಲ್ಲಿ ತೀರಿಕೊಂಡರು. ಆರ್ಲಾಂ 1977ರವರೆಗೆ ಇದ್ದರು. ಬಳಿಕ ಜಾರ್ಜ್ ಲಾಂಬ್ರಿಕ್ಸ್, 1987ರಿಂದ ಕವಿ ಜಾಕ್ ರೆದಾ, ಹೀಗೆ ಸಂಪಾದಕರು ಬದಲಾದರು. ಸುಮಾರು ತೊಂಬತ್ತು ವರ್ಷ ಮಾಸಪತ್ರಿಕೆಯಾಗಿದ್ದದ್ದು 1999ರಲ್ಲಿ ತ್ರೈಮಾಸಿಕವಾಯಿತು.

ಈ ಕುಗ್ಗುವಿಕೆಗೆ ಸಂಪಾದಕರನ್ನು ದೂರುವುದು ನ್ಯಾಯವಲ್ಲ. ಧಾರಾವಾಹಿಯ ಪದ್ಧತಿ ಹೋಯಿತು. ಫ್ರಾನ್ಸಿನಲ್ಲಿ ಕಾದಂಬರಿಗಳು ಶರತ್ಕಾಲದ ಪ್ರಶಸ್ತಿಗಳನ್ನು ಗುರಿಯಾಗಿಟ್ಟುಕೊಂಡು ಆಗಸ್ಟ್ ಕೊನೆಯಿಂದ ಒಟ್ಟಾಗಿ ಮಾರುಕಟ್ಟೆಗೆ ಬರುತ್ತವೆ. ಹಾಗಿರುವಾಗ ಕಾದಂಬರಿಯ ಭಾಗವನ್ನು ಮೊದಲೇ ಪತ್ರಿಕೆಯಲ್ಲಿ ಕೊಟ್ಟು ಅದರ ಹೊಸತನವನ್ನು ಕಳೆದುಕೊಳ್ಳಲು ಪ್ರಕಾಶಕನೂ ಲೇಖಕನೂ ಒಪ್ಪುವುದು ಕಷ್ಟ. ಚೊಚ್ಚಲ ಕಾದಂಬರಿಕಾರ ಇಂದು ಹಸ್ತಪ್ರತಿಯನ್ನು ನೇರವಾಗಿ ವಾಚನ ಸಮಿತಿಗೆ ಕಳಿಸುತ್ತಾನೆ. ಹಿಂದೆ ಇದ್ದ ಎರಡು ಜರಡಿಗಳಲ್ಲಿ ಒಂದು ಮಾತ್ರ ಉಳಿದಿದೆ. ಪತ್ರಿಕೆ ಈಗ ಹೆಚ್ಚಾಗಿ ಪ್ರಬಂಧಗಳಿಗೆ, ವಿಷಯಾಧಾರಿತ ಸಂಚಿಕೆಗಳಿಗೆ, ಪುಸ್ತಕವಾಗಲು ತೀರಾ ಚಿಕ್ಕದಾದ ಬರಹಗಳಿಗೆ ಜಾಗ ಕೊಡುತ್ತ, ಗಾಲಿಮಾರ್ ಮನೆತನದ ಮೂರನೆಯ ತಲೆಮಾರಿನ ಆಂತ್ವಾನ್ ಗಾಲಿಮಾರ್ ಅವರ ಒಡೆತನದಲ್ಲಿ ಮುಂದುವರಿದಿದೆ.